ಬೆಳಗಾವಿ ಪ್ರದೇಶದ ಪ್ರಾಚೀನ ವಾಸ್ತುಶಿಲ್ಪದಲ್ಲಿ ಅಳತೆ ಮತ್ತು ಪ್ರಮಾಣ

ಬೆಳಗಾವಿ ಪ್ರದೇಶದ ಪ್ರಾಚೀನ ವಾಸ್ತುಶಿಲ್ಪದಲ್ಲಿ ಅಳತೆ ಮತ್ತು ಪ್ರಮಾಣ ಎಂಬುದು ಬೆಳಗಾವಿ ನಗರ, ಖಾನಾಪುರ ತಾಲ್ಲೂಕು ಹಾಗೂ ಸುತ್ತಲಿನ ಊರುಗಳಲ್ಲಿ ಕದಂಬರು, ರಟ್ಟರು ಮತ್ತು ಆದಿಲಶಾಹಿಗಳ ಕಾಲದಲ್ಲಿ ದೇವಾಲಯ, ಬಸದಿ, ಮಸೀದಿಗಳನ್ನು ಕಟ್ಟುವಾಗಲೂ ದತ್ತಿಯ ಭೂಮಿಯನ್ನು ಅಳೆಯುವಾಗಲೂ ಬಳಕೆಯಲ್ಲಿದ್ದ ಮಾನಗಳನ್ನು ಕುರಿತ ವಿಷಯವಾಗಿದೆ. ಅಂಗುಲ, ಗೇಣು, ಮೊಳ, ಕೋಲು, ನಿವರ್ತನ, ಮತ್ತರು, ಗಜ ಮೊದಲಾದವು ಇದರಲ್ಲಿ ಸೇರುತ್ತವೆ. ಈ ಮಾನಗಳಿಗೆ ಇಂದಿನ ಮೀಟರಿನಂತೆ ಎಲ್ಲೆಡೆಯೂ ಒಂದೇ ಆದ ಉದ್ದವಿರಲಿಲ್ಲ. ಒಂದು ಕಟ್ಟಡಕ್ಕೆ ಒಂದು ಮೂಲಮಾನವನ್ನು ನಿಶ್ಚಯಿಸಿ, ಉಳಿದೆಲ್ಲ ಭಾಗಗಳನ್ನು ಅದರ ಗುಣಕ ಅಥವಾ ಭಾಗವಾಗಿ ಪಡೆಯುವುದು ಆ ಕಾಲದ ಕ್ರಮವಾಗಿತ್ತು. ಆದುದರಿಂದ ಕಟ್ಟಡದಲ್ಲಿ ಮಾನದ ಉದ್ದಕ್ಕಿಂತ ಪ್ರಮಾಣಕ್ಕೆ ಹೆಚ್ಚಿನ ಮಹತ್ವವಿತ್ತು. ಭೂಮಿಯ ವಿಷಯದಲ್ಲಿ ಮಾತ್ರ ಯಾವ ಕೋಲಿನಿಂದ ಅಳೆಯಲಾಯಿತು ಎಂಬುದೇ ನಿರ್ಣಾಯಕವಾಗಿತ್ತು.

ಹಿನ್ನೆಲೆ

ಖಾನಾಪುರ ತಾಲ್ಲೂಕಿನ ಹಲಸಿ ಗ್ರಾಮದ ಪ್ರಾಚೀನ ಹೆಸರು ಪಲಾಶಿಕಾ. ಇದು ಬನವಾಸಿಯ ಕದಂಬರ ಮುಖ್ಯ ನಗರಗಳಲ್ಲಿ ಒಂದಾಗಿತ್ತು. ಇಲ್ಲಿ ದೊರೆತ ತಾಮ್ರಪಟಗಳು 5 ಮತ್ತು 6ನೆಯ ಶತಮಾನಗಳ ಇತಿಹಾಸಕ್ಕೆ ಪ್ರಮುಖ ಆಧಾರಗಳಾಗಿವೆ. 12ನೆಯ ಶತಮಾನದಲ್ಲಿ ಈ ಭಾಗವು ಗೋವೆಯ ಕದಂಬರ ಆಳ್ವಿಕೆಯಲ್ಲಿತ್ತು. ಹಲಸಿಯ ಭೂವರಾಹ ನರಸಿಂಹ ದೇವಾಲಯ ಮತ್ತು ಕಿತ್ತೂರಿಗೆ ಸಮೀಪದ ದೇಗಾಂವದ ಕಮಲನಾರಾಯಣ ದೇವಾಲಯಗಳು ಈ ಕಾಲಕ್ಕೆ ಸಂಬಂಧಿಸಿದವು. ಬೆಳಗಾವಿಯು (ಶಾಸನಗಳ ವೇಣುಗ್ರಾಮ) ಮುಂದೆ ಸವದತ್ತಿಯ ರಟ್ಟರ ರಾಜಧಾನಿಯಾಯಿತು. ಅನಂತರ ಯಾದವರು, ವಿಜಯನಗರದ ಅರಸರು, ಬಹಮನಿಗಳು ಹಾಗೂ ವಿಜಯಪುರದ ಆದಿಲಶಾಹಿಗಳು ಈ ಪ್ರದೇಶವನ್ನು ಆಳಿದರು. ಆಳ್ವಿಕೆ ಬದಲಾದಂತೆ ಅಳತೆಯ ಪದಗಳೂ ಬದಲಾದವು. ಆದರೆ ಹಳೆಯವು ಪೂರ್ತಿಯಾಗಿ ಮರೆಯಾಗಲಿಲ್ಲ.

ಮೂಲಮಾನಗಳು

ಶಿಲ್ಪಶಾಸ್ತ್ರದ ಗ್ರಂಥಗಳಾದ ಮಾನಸಾರ ಮತ್ತು ಮಯಮತಗಳು ಅಳತೆಯನ್ನು ಕಣ್ಣಿಗೆ ಕಾಣದ ಪರಮಾಣುವಿನಿಂದ ಆರಂಭಿಸಿ, ಎಂಟೆಂಟರ ಗುಣಕದಲ್ಲಿ ಬೆಳೆಸುತ್ತವೆ. ಈ ಸರಣಿಯಲ್ಲಿ ದೈನಂದಿನ ಕೆಲಸಕ್ಕೆ ಬರುವವು ಇವು:

8 ಯವ (ಜವೆಗೋಧಿಯ ಕಾಳಿನ ಅಗಲ) = 1 ಅಂಗುಲ
12 ಅಂಗುಲ = 1 ವಿತಸ್ತಿ (ಗೇಣು)
24 ಅಂಗುಲ = 1 ಹಸ್ತ (ಮೊಳ)
4 ಹಸ್ತ = 1 ದಂಡ

ಕನ್ನಡದ ಮೊಳ ಎಂಬುದು ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನ ಉದ್ದ. ಎರಡು ಗೇಣು ಒಂದು ಮೊಳ, ನಾಲ್ಕು ಮೊಳ ಒಂದು ಮಾರು. ಹೂವಿನ ಮಾಲೆಯನ್ನು ಮೊಳದಲ್ಲಿಯೂ ಬಾವಿಯ ಹಗ್ಗವನ್ನು ಮಾರಿನಲ್ಲಿಯೂ ಅಳೆಯುವ ರೂಢಿ ಇಂದಿಗೂ ಉಳಿದಿದೆ.

ಹಸ್ತವೂ ಒಂದೇ ಬಗೆಯದಾಗಿರಲಿಲ್ಲ. 24 ಅಂಗುಲದ ಕಿಷ್ಕು, 25 ಅಂಗುಲದ ಪ್ರಾಜಾಪತ್ಯ, 26 ಅಂಗುಲದ ಧನುರ್ಮುಷ್ಟಿ ಮತ್ತು 27 ಅಂಗುಲದ ಧನುರ್ಗ್ರಹ ಎಂಬ ನಾಲ್ಕು ಭೇದಗಳನ್ನು ಮೇಲಿನ ಗ್ರಂಥಗಳು ಹೇಳುತ್ತವೆ. ಅಂಗುಲದಲ್ಲಿಯೂ ಮೂರು ವಿಧಗಳಿವೆ. ಯವದಿಂದ ನಿಶ್ಚಯಿಸಿದುದು ಮಾನಾಂಗುಲ. ಕಟ್ಟಿಸುವವನ ಅಥವಾ ಆಚಾರ್ಯನ ನಡುಬೆರಳಿನಿಂದ ತೆಗೆದುಕೊಂಡುದು ಮಾತ್ರಾಂಗುಲ. ವಿಗ್ರಹದ ಒಟ್ಟು ಎತ್ತರವನ್ನೇ ಭಾಗಿಸಿ ಪಡೆದುದು ದೇಹಾಂಗುಲ. ಉದಾಹರಣೆಗೆ ನವತಾಳ ಪದ್ಧತಿಯಲ್ಲಿ ವಿಗ್ರಹದ ಎತ್ತರವನ್ನು 9 ತಾಳಗಳಾಗಿ, ಪ್ರತಿ ತಾಳವನ್ನು 12 ಅಂಗುಲಗಳಾಗಿ, ಒಟ್ಟು 108 ಅಂಗುಲಗಳಾಗಿ ಭಾಗಿಸುತ್ತಾರೆ. ಮುಖವು ಒಂದು ತಾಳ. ವಿಗ್ರಹವು ಗೇಣುದ್ದವಿರಲಿ, ಆಳೆತ್ತರವಿರಲಿ, ಅದರ ಅಂಗುಲಗಳು 108 ಮಾತ್ರ. ಶಿಲ್ಪಿಯ ದೃಷ್ಟಿಯಲ್ಲಿ ಅಂಗುಲವೆಂದರೆ ಹೊರಗಿನಿಂದ ತಂದ ಅಳತೆಗಿಂತ ವಸ್ತುವಿನ ಒಳಗೇ ಇರುವ ಒಂದು ಭಾಗವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪರ್ಷಿಯಾದೊಂದಿಗೆ ಹೋಲಿಕೆ

ಮೊಳವನ್ನು ಮೂಲಮಾನವಾಗಿಟ್ಟುಕೊಳ್ಳುವ ಕ್ರಮ ಭಾರತಕ್ಕೆ ಮಾತ್ರ ಸೀಮಿತವಲ್ಲ. ವೈದಿಕ ಯಜ್ಞವೇದಿಕೆಗಳ ರಚನೆಯನ್ನು ತಿಳಿಸುವ ಶುಲ್ಬಸೂತ್ರಗಳಲ್ಲಿ 24 ಅಂಗುಲದ ಮಾನಕ್ಕೆ ಅರತ್ನಿ ಎಂಬ ಹೆಸರಿದೆ. ಪ್ರಾಚೀನ ಪರ್ಷಿಯನ್ ಭಾಷೆಯಲ್ಲಿ ಮೊಳಕ್ಕಿದ್ದ ಹೆಸರು ಅರಶ್ನಿ. ಇವೆರಡೂ ಒಂದೇ ಮೂಲದಿಂದ ಕವಲೊಡೆದ ಪದಗಳು. ಪರ್ಷಿಯಾದ ದೊರೆ ಮೊದಲನೆಯ ಡೇರಿಯಸ್ ಸೂಸಾ ನಗರದಲ್ಲಿ ಕಟ್ಟಿಸಿದ ಅರಮನೆಯ ಶಾಸನದಲ್ಲಿ, ಗಟ್ಟಿನೆಲ ಸಿಗುವವರೆಗೆ ಅಗೆದು ಕೆಲವೆಡೆ 40, ಕೆಲವೆಡೆ 20 ಅರಶ್ನಿಗಳಷ್ಟು ಜಲ್ಲಿಯನ್ನು ತುಂಬಿಸಿದ ವಿವರವಿದೆ.

ಡೇರಿಯಸ್ ಕ್ರಿ.ಪೂ. 518ರ ಸುಮಾರಿಗೆ ಆರಂಭಿಸಿದ ಪರ್ಸೆಪೊಲಿಸ್ ಅರಮನೆಯಲ್ಲಿ ಅಪಾದಾನ ಎಂಬ ಸಭಾಭವನವಿದೆ. ಅದರ ನಡುಮಂಟಪವು ಸುಮಾರು 60 ಮೀಟರ್ ಬಾಹುವಿನ ಚೌಕ. ಅದರಲ್ಲಿ ಆರು ಸಾಲುಗಳಲ್ಲಿ ಆರಾರರಂತೆ 36 ಕಂಬಗಳಿದ್ದವು. ಮೂರು ಬದಿಯ ಮೊಗಸಾಲೆಗಳಲ್ಲಿ ಹನ್ನೆರಡರಂತೆ ಇನ್ನೂ 36 ಕಂಬಗಳಿದ್ದವು. ಕಂಬದಿಂದ ಕಂಬಕ್ಕಿರುವ ಅಂತರವನ್ನು ಒಂದು ಘಟಕವಾಗಿ ಹಿಡಿದು ಇಡೀ ಭವನವನ್ನು ವಿನ್ಯಾಸಗೊಳಿಸಲಾಗಿದೆ. ಈ ಅರಮನೆಯ ಕಲ್ಲುಗಳನ್ನು ಅಳೆದ ವಿದ್ವಾಂಸ ಮೈಕೆಲ್ ರೋಫ್ 1978ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಅಲ್ಲಿ ಬಳಸಿದ ಅಡಿ ಸುಮಾರು 34.7 ಸೆಂ.ಮೀ., ಮೊಳ ಅದರ ಒಂದೂವರೆ ಪಟ್ಟು, ಅಂದರೆ ಸುಮಾರು 52 ಸೆಂ.ಮೀ. ಇದು ನಮ್ಮಲ್ಲಿ ಸಾಮಾನ್ಯವಾಗಿ 18 ಇಂಚು (ಸುಮಾರು 45.7 ಸೆಂ.ಮೀ.) ಎಂದು ಎಣಿಸುವ ಮೊಳಕ್ಕಿಂತ ದೊಡ್ಡದು. ಹೆಸರಿನ ಬೇರು ಒಂದೇ ಆದರೂ ಉದ್ದ ಬೇರೆಯಾಗಿರುವುದು ಇಲ್ಲಿ ಗಮನಾರ್ಹ.

ಕಟ್ಟಡದ ಪ್ರಮಾಣಗಳು

6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯು ದೇವಾಲಯದ ಪ್ರಮಾಣಗಳನ್ನು ಸಂಕ್ಷೇಪವಾಗಿ ಹೇಳುತ್ತದೆ. ಅದರಂತೆ ದೇವಾಲಯದ ಎತ್ತರ ಅಗಲದ ಎರಡು ಪಟ್ಟು. ಗರ್ಭಗೃಹ ಅಗಲದ ಅರ್ಧ. ಬಾಗಿಲಿನ ಅಗಲ ಗರ್ಭಗೃಹದ ಕಾಲುಭಾಗ. ಬಾಗಿಲಿನ ಎತ್ತರ ಅದರ ಅಗಲದ ಇಮ್ಮಡಿ. ಪೀಠಸಹಿತವಾದ ವಿಗ್ರಹವು ಬಾಗಿಲಿನ ಎತ್ತರಕ್ಕಿಂತ ಎಂಟನೆಯ ಒಂದು ಭಾಗದಷ್ಟು ಕಡಿಮೆಯಿರಬೇಕು. ಅದರಲ್ಲಿ ಎರಡು ಪಾಲು ವಿಗ್ರಹ, ಒಂದು ಪಾಲು ಪೀಠ.

ಇದನ್ನು 8 ಮೊಳ ಅಗಲದ ದೇವಾಲಯಕ್ಕೆ ಅನ್ವಯಿಸಿದರೆ ಎತ್ತರ 16 ಮೊಳ, ಗರ್ಭಗೃಹ 4 ಮೊಳ, ಬಾಗಿಲಿನ ಅಗಲ 1 ಮೊಳ, ಎತ್ತರ 2 ಮೊಳ (48 ಅಂಗುಲ) ಆಗುತ್ತದೆ. 48ರಲ್ಲಿ ಎಂಟನೆಯ ಒಂದು ಭಾಗವಾದ 6 ಅಂಗುಲವನ್ನು ಕಳೆದರೆ 42 ಅಂಗುಲ; ಅದರಲ್ಲಿ ವಿಗ್ರಹ 28 ಅಂಗುಲ, ಪೀಠ 14 ಅಂಗುಲ. ಮೊಳವು ಸ್ವಲ್ಪ ಉದ್ದವಾಗಿದ್ದರೂ ಗಿಡ್ಡವಾಗಿದ್ದರೂ ಈ ಸಂಬಂಧಗಳು ಕೆಡುವುದಿಲ್ಲ. ಬಾಗಿಲಿನ ಹೊರಗೆ ನಿಂತ ಭಕ್ತನಿಗೆ ವಿಗ್ರಹವು ಅಡಿಯಿಂದ ಮುಡಿಯವರೆಗೆ ಕಾಣುವಂತೆ ಮಾಡುವುದೂ ಈ ನಿಯಮಗಳಿಂದ ಸಾಧ್ಯವಾಗುತ್ತದೆ.

ಎಲ್ಲ ಗ್ರಂಥಗಳೂ ಒಂದೇ ಪ್ರಮಾಣವನ್ನು ಹೇಳುವುದಿಲ್ಲ. ಮಾನಸಾರವು ಅಗಲಕ್ಕೆ ಸಮನಾದ ಎತ್ತರದಿಂದ ಆರಂಭಿಸಿ ಒಂದೂಕಾಲು, ಒಂದೂವರೆ, ಒಂದೂಮುಕ್ಕಾಲು ಮತ್ತು ಎರಡು ಪಟ್ಟು ಎಂಬ ಐದು ಬಗೆಗಳನ್ನು ಕೊಡುತ್ತದೆ. ನೆಲದ ವಿನ್ಯಾಸಕ್ಕೆ ವಾಸ್ತುಪುರುಷಮಂಡಲವೇ ಆಧಾರ. ಚೌಕವನ್ನು ಎಂಟೆಂಟರಂತೆ 64 ಪದಗಳಾಗಿ ಅಥವಾ ಒಂಬತ್ತೊಂಬತ್ತರಂತೆ 81 ಪದಗಳಾಗಿ ವಿಂಗಡಿಸಿ ನಡುವಿನ ಪದಗಳನ್ನು ಬ್ರಹ್ಮಸ್ಥಾನವೆಂದು ಗುರುತಿಸುತ್ತಾರೆ.

ಆಯಾದಿ ಗಣಿತ

ಪ್ರಮಾಣಗಳನ್ನು ನಿಶ್ಚಯಿಸಿದ ಬಳಿಕ ಅಳತೆಯನ್ನು ಆಯ, ವ್ಯಯ, ನಕ್ಷತ್ರ, ಯೋನಿ, ವಾರ, ತಿಥಿ ಎಂಬ ಆರು ಲೆಕ್ಕಗಳಿಂದ ಪರೀಕ್ಷಿಸುವ ಕ್ರಮಕ್ಕೆ ಆಯಾದಿ ಎಂದು ಹೆಸರು. ಯೋನಿಯ ಲೆಕ್ಕದಲ್ಲಿ ಅಗಲವನ್ನು 3ರಿಂದ ಗುಣಿಸಿ 8ರಿಂದ ಭಾಗಿಸುತ್ತಾರೆ. ಶೇಷವು 1 (ಧ್ವಜ), 3 (ಸಿಂಹ), 5 (ವೃಷಭ) ಅಥವಾ 7 (ಗಜ) ಬಂದರೆ ಶುಭ; ಸಮಸಂಖ್ಯೆ ಬಂದರೆ ಅಶುಭ. 8 ಮೊಳವೆಂದರೆ 192 ಅಂಗುಲ. 192ನ್ನು 3ರಿಂದ ಗುಣಿಸಿದರೆ 576. ಅದು 8ರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ಎಂಟನೆಯ ಕಾಕ ಯೋನಿಯಾಗುತ್ತದೆ. ಮೂರು ಅಂಗುಲ ಸೇರಿಸಿ 195 ಮಾಡಿದರೆ ಗುಣಲಬ್ಧ 585, ಶೇಷ 1, ಧ್ವಜ ಯೋನಿ. ಹೀಗೆ ಮಾಡಿದಾಗ ಅಳತೆ 8 ಮೊಳ 3 ಅಂಗುಲವಾಗುತ್ತದೆ.

ಈ ಲೆಕ್ಕದ ಧಾರ್ಮಿಕ ನಂಬಿಕೆಯನ್ನು ಬದಿಗಿಟ್ಟರೂ ಇತಿಹಾಸದ ವಿದ್ಯಾರ್ಥಿಗೆ ಇದರಿಂದ ಒಂದು ಉಪಯೋಗವಿದೆ. ಹಳೆಯ ದೇವಾಲಯಗಳನ್ನು ಅಳೆದಾಗ ಪೂರ್ಣಸಂಖ್ಯೆಯ ಮೊಳಗಳಿಗೆ ಎರಡು ಮೂರು ಅಂಗುಲಗಳ ವ್ಯತ್ಯಾಸ ಕಂಡುಬಂದರೆ ಅದನ್ನು ಕೆಲಸಗಾರನ ತಪ್ಪೆಂದು ಕೂಡಲೇ ತೀರ್ಮಾನಿಸಬಾರದು. ಅದು ಬುದ್ಧಿಪೂರ್ವಕವಾಗಿ ಮಾಡಿದ ಹೊಂದಾಣಿಕೆಯೂ ಆಗಿರಬಹುದು.

ಪ್ರದೇಶದ ಪ್ರಮುಖ ಕಟ್ಟಡಗಳು

ಹಲಸಿಯ ಭೂವರಾಹ ನರಸಿಂಹ ದೇವಾಲಯದಲ್ಲಿ ಗೋವೆಯ ಕದಂಬ ದೊರೆ ಶಿವಚಿತ್ತ ಪೆರ್ಮಾಡಿಯ ಕಾಲದ 1169ರ ಶಾಸನವಿದೆ. ಇಲ್ಲಿ ಎರಡು ಗರ್ಭಗೃಹಗಳು ಪರಸ್ಪರ ಎದುರುಬದುರಾಗಿವೆ, ನಡುವೆ ಮಂಟಪವಿದೆ. ಇಂತಹ ವಿನ್ಯಾಸದಲ್ಲಿ ಒಂದೇ ನಡುಗೆರೆಯ ಮೇಲೆ ಎರಡು ಬಾಗಿಲುಗಳೂ ಎರಡು ಪೀಠಗಳೂ ಬರಬೇಕಾಗುತ್ತದೆ. ಬ್ರಹ್ಮಸೂತ್ರವೆಂದು ಕರೆಯುವ ಈ ನಡುಗೆರೆ ಸ್ವಲ್ಪ ತಪ್ಪಿದರೂ ದೃಷ್ಟಿರೇಖೆ ಓರೆಯಾಗುತ್ತದೆ.

ದೇಗಾಂವದ ಕಮಲನಾರಾಯಣ ದೇವಾಲಯವನ್ನು ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದಳು. ಇಲ್ಲಿನ ಶಾಸನ 1174ರದು. ನಿರ್ಮಿಸಿದ ಶಿಲ್ಪಿ ತಿಪ್ಪೋಜ. ಇಲ್ಲಿ ಮೂರು ಗರ್ಭಗೃಹಗಳು ಒಂದೇ ಸಾಲಿನಲ್ಲಿವೆ. ಹಲಸಿಯಲ್ಲಿ ಎದುರುಬದುರಿನ ಸಮತೋಲವಾದರೆ ಇಲ್ಲಿ ಅಕ್ಕಪಕ್ಕದ ಪುನರಾವರ್ತನೆಯು ವಿನ್ಯಾಸದ ತತ್ತ್ವ. ಮಂಟಪದ ಕಂಬಸಾಲುಗಳ ನಡುವಿನ ಅಂಕಣವು ಗರ್ಭಗೃಹಗಳ ಅಂತರಕ್ಕೆ ಹೊಂದಿಕೊಳ್ಳಬೇಕಾದುದರಿಂದ ಒಂದು ಅಂಕಣದ ಅಳತೆಯೇ ಇಡೀ ಕಟ್ಟಡದ ಅಳತೆಗೆ ಕೀಲಿಕೈಯಾಗುತ್ತದೆ.

ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯನ್ನು ರಟ್ಟ ದೊರೆ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದನು. ಬಸದಿಗೆ ಆ ಹೆಸರು ಬಂದುದು ಮಂಟಪದ ಒಳಛಾವಣಿಯಿಂದ ಕೆಳಮುಖವಾಗಿ ಇಳಿಬಿಟ್ಟಂತಿರುವ ಕಲ್ಲಿನ ಕಮಲದಿಂದ. ಇದರ 72 ದಳಗಳು ಭೂತ, ವರ್ತಮಾನ, ಭವಿಷ್ಯ ಎಂಬ ಮೂರು ಕಾಲಗಳ 24 ತೀರ್ಥಂಕರರನ್ನು ಪ್ರತಿನಿಧಿಸುತ್ತವೆ. ಪ್ರಮಾಣದ ದೃಷ್ಟಿಯಿಂದ 24 ಎಂಬ ಸಂಖ್ಯೆ ಶಿಲ್ಪಿಗೆ ಅನುಕೂಲಕರ. ವೃತ್ತದ ತ್ರಿಜ್ಯವನ್ನೇ ಅದರ ಪರಿಧಿಯ ಮೇಲೆ ಆರು ಬಾರಿ ಗುರುತಿಸಿದರೆ ಆರು ಸಮಭಾಗಗಳು ದೊರೆಯುತ್ತವೆ; ಪ್ರತಿಯೊಂದನ್ನೂ ಎರಡು ಬಾರಿ ಅರ್ಧಿಸಿದರೆ 24 ಆಗುತ್ತದೆ. ಇದಕ್ಕೆ ಒಂದು ಗೂಟ ಮತ್ತು ದಾರ ಸಾಕು.

ಇದೇ ಸಂಖ್ಯೆಯ ಇನ್ನೊಂದು ಬಳಕೆಯನ್ನು ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ದೇವಾಲಯದಲ್ಲಿ ಕಾಣಬಹುದು. ಅದರ ತಳವಿನ್ಯಾಸ 24 ಮೂಲೆಗಳ ನಕ್ಷತ್ರಾಕಾರದ್ದು. ಒಂದು ಚೌಕವನ್ನು ಅದರ ಕೇಂದ್ರದ ಸುತ್ತ 15 ಡಿಗ್ರಿಗಳಂತೆ ತಿರುಗಿಸುತ್ತ ಆರು ಸ್ಥಾನಗಳಲ್ಲಿ ಬರೆದರೆ ಈ ಆಕಾರ ಮೂಡುತ್ತದೆ.

ಭೂಮಿಯ ಅಳತೆ ಮತ್ತು ಶಾಸನಗಳು

ಕಟ್ಟಡವು ನಿಂತ ಮೇಲೆ ಅದರ ಪೂಜೆ, ದುರಸ್ತಿ ಮತ್ತು ಅನ್ನದಾನಗಳಿಗೆ ಭೂಮಿಯನ್ನು ದತ್ತಿಯಾಗಿ ಬಿಡುತ್ತಿದ್ದರು. ಹಲಸಿಯ ಒಂದು ತಾಮ್ರಪಟದಂತೆ ಕದಂಬ ದೊರೆ ಮೃಗೇಶವರ್ಮನು ತನ್ನ ತಂದೆಯ ಮೇಲಿನ ಭಕ್ತಿಯಿಂದ ಪಲಾಶಿಕಾದಲ್ಲಿ ಜಿನಾಲಯವನ್ನು ಕಟ್ಟಿಸಿ, ಯಾಪನೀಯ, ನಿರ್ಗ್ರಂಥ ಮತ್ತು ಕೂರ್ಚಕ ಸಂಘಗಳಿಗೆ 33 ನಿವರ್ತನ ಭೂಮಿಯನ್ನು ಕೊಟ್ಟನು.

ಈ 33 ನಿವರ್ತನ ಎಷ್ಟು ಎಂಬ ಪ್ರಶ್ನೆಗೆ ಗ್ರಂಥಗಳಿಂದ ಬೇರೆ ಬೇರೆ ಉತ್ತರಗಳು ದೊರೆಯುತ್ತವೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಿವರ್ತನವೆಂದರೆ 30 ದಂಡ. ದಂಡವನ್ನು 6 ಅಡಿಯೆಂದು ಹಿಡಿದರೆ 180 ಅಡಿ ಬಾಹುವಿನ ಚೌಕ, ಅಂದರೆ 32,400 ಚದರ ಅಡಿ. ಆಗ 33 ನಿವರ್ತನ ಸುಮಾರು ಇಪ್ಪತ್ತನಾಲ್ಕೂವರೆ ಎಕರೆ. 12ನೆಯ ಶತಮಾನದ ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ 10 ಮೊಳ ಒಂದು ವಂಶ (ಬಿದಿರುಗೋಲು), 20 ವಂಶ ಬಾಹುವಿನ ಚೌಕ ಒಂದು ನಿವರ್ತನ. ಇದು 300 ಅಡಿ ಬಾಹುವಿನ ಚೌಕ, 90,000 ಚದರ ಅಡಿ. ಆಗ ಅದೇ ದತ್ತಿ ಸುಮಾರು 68 ಎಕರೆಯಾಗುತ್ತದೆ. ಪದ ಒಂದೇ, ಸಂಖ್ಯೆ ಒಂದೇ; ಆದರೆ ಕೋಲು ಬದಲಾದರೆ ಭೂಮಿ ಸುಮಾರು ಎರಡೂಮುಕ್ಕಾಲು ಪಟ್ಟಾಗುತ್ತದೆ.

ಈ ಕಾರಣದಿಂದಲೇ ಶಾಸನಗಳು ಅಳತೆಯ ಸಂಖ್ಯೆಯೊಂದಿಗೆ ಕೋಲಿನ ಹೆಸರನ್ನೂ ಹೇಳುವ ಪದ್ಧತಿ ಬೆಳೆಯಿತು. ಕದಂಬರ ಕೆಲವು ದಾನಶಾಸನಗಳು ರಾಜಮಾನವನ್ನು, ಅಂದರೆ ಅರಸನು ಅಂಗೀಕರಿಸಿದ ಅಳತೆಯನ್ನು ಉಲ್ಲೇಖಿಸುತ್ತವೆ. ಮುಂದೆ ಕನ್ನಡ ಶಾಸನಗಳಲ್ಲಿ ಮತ್ತರು, ಕಮ್ಮ ಎಂಬ ಕ್ಷೇತ್ರಮಾನಗಳೂ, ಗಳೆ ಅಥವಾ ಕೋಲು ಎಂಬ ಅಳತೆಗೋಲೂ ಕಾಣಿಸಿಕೊಳ್ಳುತ್ತವೆ. ಇಂತಹ ಕೋಲುಗಳಿಗೆ ಸ್ಥಳದ, ದೇವರ ಅಥವಾ ಅಧಿಕಾರಿಯ ಹೆಸರಿರುತ್ತಿತ್ತು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ 1047ರಲ್ಲಿ ಚಾಮುಂಡರಾಯನು ನಿಲ್ಲಿಸಿದ ಭೇರುಂಡಸ್ತಂಭದ ಹೆಸರನ್ನು ಹೊತ್ತ ಭೇರುಂಡ ಗಳೆ ಇದಕ್ಕೆ ಪ್ರಸಿದ್ಧ ನಿದರ್ಶನ. ಎಲ್ಲರ ಕಣ್ಣೆದುರಿಗಿರುವ ಕಲ್ಲಿಗೆ ಅಳತೆಯನ್ನು ಹೊಂದಿಸಿದರೆ, ಯಾರೂ ಗುಟ್ಟಾಗಿ ಕೋಲನ್ನು ಕುಗ್ಗಿಸಲಾಗಲೀ ಹಿಗ್ಗಿಸಲಾಗಲೀ ಸಾಧ್ಯವಿಲ್ಲ. ತೆರಿಗೆ ಕೊಡುವ ಒಕ್ಕಲಿಗನಿಗೂ ದತ್ತಿ ಪಡೆದ ದೇವಾಲಯಕ್ಕೂ ಇದು ರಕ್ಷಣೆಯಾಗಿತ್ತು.

ಗಜ ಮತ್ತು ಆದಿಲಶಾಹಿ ಕಟ್ಟಡಗಳು

ಬಹಮನಿಗಳ ವಜೀರ ಮಹಮೂದ್ ಗವಾನ್ ಪರ್ಷಿಯಾದ ಗಿಲಾನ್ ಪ್ರಾಂತದವನು. ಅವನು 1472–73ರಲ್ಲಿ ಬೆಳಗಾವಿ ಕೋಟೆಯನ್ನು ವಶಪಡಿಸಿಕೊಂಡನು. ಬೀದರಿನಲ್ಲಿ ಅವನು ಕಟ್ಟಿಸಿದ ಮದರಸಾ ಅದೇ ಕಾಲದ್ದು. ನಡುವಣ ಅಂಗಳದ ನಾಲ್ಕು ಬದಿಗಳಲ್ಲಿ ಎತ್ತರದ ಕಮಾನುಗಳಿರುವ ಪರ್ಷಿಯನ್ ವಿನ್ಯಾಸ ಅದರಲ್ಲಿದೆ. 16ನೆಯ ಶತಮಾನದಲ್ಲಿ ಬೆಳಗಾವಿಯನ್ನು ಆಳಿದ ಆದಿಲಶಾಹಿ ಸರದಾರ ಅಸದ್ ಖಾನ್ ಲಾರಿಯ ಹೆಸರಿನಲ್ಲಿರುವ ಲಾರ್ ಎಂಬುದೂ ಪರ್ಷಿಯಾದ ಒಂದು ಪಟ್ಟಣ. ಇಂತಹವರ ಕಾಲದಲ್ಲಿ ಗಜ ಎಂಬ ಪರ್ಷಿಯನ್ ಮಾನ ದಖ್ಖನಿನಲ್ಲಿ ನೆಲೆಯೂರಿತು. ಗಜದ ಉಪಭಾಗವಾದ ಅಂಗುಷ್ತ್ ಎಂದರೆ ಬೆರಳು. ಅದು ಸಂಸ್ಕೃತದ ಅಂಗುಷ್ಠಕ್ಕೆ ಸೋದರಪದ. ಗಜದ ಉದ್ದವೂ ಕಾಲದೇಶಗಳಿಗೆ ತಕ್ಕಂತೆ ಬದಲಾಗುತ್ತಿತ್ತು. ಇಂದು ಕನ್ನಡದಲ್ಲಿ ಗಜವೆಂದರೆ 3 ಅಡಿ.

ಅಸದ್ ಖಾನನು ಕೋಟೆಯೊಳಗೆ ಕಟ್ಟಿಸಿದ ಸಫಾ ಮಸೀದಿಯಲ್ಲಿ ಹಿಂದಿನ ಕಟ್ಟಡಗಳ ಕಂಬಗಳನ್ನು ಬಳಸಲಾಗಿದೆ. ಅವುಗಳಲ್ಲಿ ಎರಡರ ಮೇಲೆ ಶಾಸನಗಳಿವೆ: ಒಂದು ರಟ್ಟ ಕಾರ್ತವೀರ್ಯನ 1199ರದು, ಇನ್ನೊಂದು ಯಾದವ ಕೃಷ್ಣನ 1261ರದು. ಕಂಬವನ್ನು ಹಾಗೆಯೇ ಬಳಸಿದಾಗ ಅದರ ಎತ್ತರವು ಹೊಸ ಕಟ್ಟಡಕ್ಕೂ ಒಂದು ಮಿತಿಯನ್ನು ಹಾಕುತ್ತದೆ. ಹೀಗೆ ಅಂಗುಲ–ಮೊಳಗಳಲ್ಲಿ ಕಡೆದ ಕಂಬ ಮತ್ತು ಗಜದ ಕಾಲದ ಕಮಾನು ಒಂದೇ ಸೂರಿನಡಿ ಸೇರಿವೆ.

ಚೌಕದ ಮೇಲೆ ವೃತ್ತಾಕಾರದ ಗುಮ್ಮಟವನ್ನು ಕೂರಿಸುವ ಸಮಸ್ಯೆಗೆ ಆದಿಲಶಾಹಿ ಶಿಲ್ಪಿಗಳು ಕೊಟ್ಟ ಅತ್ಯುತ್ತಮ ಪರಿಹಾರ ವಿಜಯಪುರದ ಗೋಳಗುಮ್ಮಟದಲ್ಲಿದೆ. ಒಳಾಂಗಣವು ಸುಮಾರು 135 ಅಡಿ ಬಾಹುವಿನ ಚೌಕ; ಗುಮ್ಮಟದ ಹೊರವ್ಯಾಸ ಸುಮಾರು 144 ಅಡಿ. ಒಂದರ ಮೇಲೊಂದು ತಿರುಗಿಸಿದ ಎರಡು ಚೌಕಗಳ ಗೆರೆಗಳಲ್ಲಿ ಎಂಟು ಕಮಾನುಗಳು ಪರಸ್ಪರ ಛೇದಿಸಿ ಗುಮ್ಮಟವನ್ನು ಹೊರುತ್ತವೆ. ಡಂಬಳದಲ್ಲಿ ನೆಲದ ಮೇಲೆ ತಿರುಗಿದ ಚೌಕ ಇಲ್ಲಿ ಛಾವಣಿಯ ಕೆಳಗೆ ತಿರುಗಿದೆ. ಎರಡು ಪರಂಪರೆಗಳ ಉದ್ದೇಶ ಬೇರೆಯಾದರೂ ದಾರ ಮತ್ತು ಚೌಕದ ಗಣಿತ ಒಂದೇ.

ಬ್ರಿಟಿಷರ ಕಾಲದ ಬದಲಾವಣೆ

ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಇಲ್ಲಿ ಮುಂಬಯಿ ಮೋಜಣಿ ಪದ್ಧತಿ ಜಾರಿಗೆ ಬಂದಿತು. 33 ಅಡಿಯ ಸರಪಳಿಯನ್ನು 16 ಆಣೆಗಳಾಗಿ ಭಾಗಿಸಿ, ಒಂದು ಸರಪಳಿಯ ಚೌಕವನ್ನು (1,089 ಚದರ ಅಡಿ) ಗುಂಟೆಯೆಂದೂ 40 ಗುಂಟೆಗಳನ್ನು ಎಕರೆಯೆಂದೂ ಗೊತ್ತುಪಡಿಸಲಾಯಿತು. ಊರಿಗೊಂದು ಕೋಲಿನ ಗೊಂದಲ ಇದರಿಂದ ಕೊನೆಗೊಂಡಿತು. 1956ರ ಅಳತೆ ಮತ್ತು ತೂಕಗಳ ಕಾಯಿದೆಯಿಂದ ದೇಶದಲ್ಲಿ ಮೆಟ್ರಿಕ್ ಪದ್ಧತಿ ಆರಂಭವಾಯಿತು. ಆದರೂ ಹೊಲದ ಮಾತಿನಲ್ಲಿ ಎಕರೆ–ಗುಂಟೆ, ಬಟ್ಟೆಯ ಮಾತಿನಲ್ಲಿ ಗಜ, ಹೂವಿನ ಮಾತಿನಲ್ಲಿ ಮೊಳ ಇಂದಿಗೂ ನಡೆಯುತ್ತಿವೆ.

ಜೀರ್ಣೋದ್ಧಾರ ಮತ್ತು ಅಧ್ಯಯನದಲ್ಲಿ ಮಹತ್ವ

ಹಳೆಯ ಕಟ್ಟಡವನ್ನು ಮೀಟರಿನಲ್ಲಿ ಅಳೆದು ಸಂಖ್ಯೆಗಳನ್ನು ಬರೆದಿಡುವುದು ಅಧ್ಯಯನದ ಮೊದಲ ಹಂತ ಮಾತ್ರ. ಅನಂತರ ಕಂಬದ ಅಂತರ, ಬಾಗಿಲು, ಪೀಠ, ಗೋಡೆಯ ದಪ್ಪ ಮೊದಲಾದ ಹಲವು ಅಳತೆಗಳನ್ನು ಹೋಲಿಸಿ ಅವೆಲ್ಲವನ್ನೂ ಪೂರ್ಣಸಂಖ್ಯೆಗಳಲ್ಲಿ ಭಾಗಿಸುವ ಮೂಲಮಾನವನ್ನು ಹುಡುಕಬೇಕು. ಪರ್ಸೆಪೊಲಿಸಿನ ಮೊಳವನ್ನು ಕಂಡುಹಿಡಿದುದೂ ಕಲ್ಲುಗಳ ಇಂತಹ ಅಳತೆಯಿಂದಲೇ. ಒಂದೇ ಅಳತೆಯನ್ನು ನೆಚ್ಚಿ ತೀರ್ಮಾನಕ್ಕೆ ಬರುವುದು ಸರಿಯಲ್ಲ; ಏಕೆಂದರೆ ಸವೆತ, ಗಾರೆಯ ಲೇಪ, ಕಲ್ಲುಗಳ ಜರುಗುವಿಕೆ ಮತ್ತು ಆಯಾದಿಯ ಹೊಂದಾಣಿಕೆಗಳು ಫಲಿತಾಂಶವನ್ನು ಬದಲಿಸುತ್ತವೆ.

ಗ್ರಾಮಗಳ ಹಳೆಯ ಗುಡಿಗಳನ್ನು ದುರಸ್ತಿ ಮಾಡುವಾಗಲೂ ಈ ತಿಳಿವಳಿಕೆ ಅಗತ್ಯ. ನೆಲಕ್ಕೆ ಹೊಸ ಹಾಸುಗಲ್ಲನ್ನು ಹಳೆಯದರ ಮೇಲೆಯೇ ಹಾಕಿದರೆ ಬಾಗಿಲಿನ ಎತ್ತರ ಕುಗ್ಗಿ, ವಿಗ್ರಹಕ್ಕೂ ಬಾಗಿಲಿಗೂ ಇದ್ದ ಸಂಬಂಧ ತಪ್ಪುತ್ತದೆ. ಗೋಡೆಗೆ ದಪ್ಪನಾದ ಸಿಮೆಂಟ್ ಬಳಿದರೆ ಮೂಲೆಗಳ ನೆರಳು–ಬೆಳಕಿನ ಪ್ರಮಾಣ ಅಳಿಸಿಹೋಗುತ್ತದೆ. ಕಲ್ಲಿನ ಮೇಲೆ ಕೆತ್ತಿರಬಹುದಾದ ಅಳತೆಯ ಗುರುತುಗಳೂ ಮುಚ್ಚಿಹೋಗುತ್ತವೆ. ಶಾಸನದ ಅಕ್ಷರ ಮಾಸಿದರೂ ಅದರ ಹಳೆಯ ಪಡಿಯಚ್ಚು ಎಲ್ಲಿಯಾದರೂ ಉಳಿದಿರಬಹುದು. ಕಟ್ಟಡದ ಮೂಲಮಾನಕ್ಕಾದರೋ ಆ ಕಟ್ಟಡವೇ ಏಕೈಕ ದಾಖಲೆ. ಆದುದರಿಂದ ಯಾವುದೇ ದುರಸ್ತಿಗೆ ಮುನ್ನ ಬಾಗಿಲು, ಕಂಬ, ಪೀಠ ಮತ್ತು ಅಂಕಣಗಳ ಅಳತೆಗಳನ್ನು ಬರೆದಿಟ್ಟುಕೊಳ್ಳುವುದು ಅವಶ್ಯಕ.